ಒಂದೇ ಬಂಡೆಯ ಮೇಲೆ ಮೂರು ಭಾಷೆ

ನಿನ್ನೆ ರಾತ್ರಿ ಊಟ ಮುಗಿಸಿ ಕುರ್ಕ್ಯಾಲ ಶಾಸನದ ಪಾಠವನ್ನು ಮತ್ತೊಮ್ಮೆ ಓದುತ್ತ ಕುಳಿತಿದ್ದೆ. ತೆಲಂಗಾಣದ ಕರೀಂನಗರ ಜಿಲ್ಲೆಯ ಬೊಮ್ಮಲಗುಟ್ಟ ಎಂಬ ಗುಡ್ಡದ ಬಂಡೆಯಲ್ಲಿ, ಚಕ್ರೇಶ್ವರಿಯ ಮತ್ತು ತೀರ್ಥಂಕರರ ಉಬ್ಬುಶಿಲ್ಪಗಳ ಬಳಿ, ಆದಿಕವಿ ಪಂಪನ ತಮ್ಮ ಜಿನವಲ್ಲಭನು 10ನೆಯ ಶತಮಾನದಲ್ಲಿ ಕೊರೆಯಿಸಿದ ಈ ಬರಹದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ ಎಂದು ನಾವು ತಿಳಿದದ್ದು ಇಲ್ಲಿಂದಲೇ.

ಆದರೆ ನನ್ನ ಕಣ್ಣು ನಿಂತದ್ದು ತೆಲುಗು ಕಂದಪದ್ಯಗಳ ಮೇಲೆ. ತೆಲುಗಿನಲ್ಲಿ ದೊರೆತಿರುವ ಅತಿ ಹಳೆಯ ಕಂದಗಳಲ್ಲಿ ಇವು ಸೇರುತ್ತವೆ. ನನಗೆ ತೆಲುಗು ಅಷ್ಟಾಗಿ ಬಾರದು (ಸಿನಿಮಾ ನೋಡಿ ಕಲಿತದ್ದು ಹಳೆಯ ಶಾಸನಕ್ಕೆ ಸಾಲುವುದಿಲ್ಲ). ಆದ್ದರಿಂದ ತೆಲುಗು ಮನೆಮಾತಿನ ಸಹೋದ್ಯೋಗಿಯೊಬ್ಬರಿಂದ ಫೋನಿನಲ್ಲಿ ಓದಿಸಿದೆ. ಅರ್ಥ ಅವರಿಗೂ ಪೂರ್ತಿ ದಕ್ಕಲಿಲ್ಲ. ಆದರೂ ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸವಾಗಿ ಮರಳಿ ಬರುವುದನ್ನು, ನಾಲ್ಕು ಮಾತ್ರೆಗಳ ಗಣಗಳು ನಮ್ಮ ಕಂದದ ಹಾಗೆಯೇ ನಡೆಯುವುದನ್ನು ಕಿವಿ ತಾನಾಗಿ ಗುರುತಿಸಿತು. 2008ರಲ್ಲಿ ಎರಡೂ ಭಾಷೆಗಳಿಗೆ ಒಟ್ಟಿಗೇ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು ನನಗೀಗ ತೀರ ಸಹಜವೆನಿಸುತ್ತದೆ.

ಈ ಚಳಿಗಾಲದಲ್ಲಿ ರಜೆ ಹೊಂದಿಸಿಕೊಂಡು ಆ ಗುಡ್ಡ ಹತ್ತೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.