ಪೆಪ್‌ಗೆ ಸ್ಯಾಂಚೆಸ್ ಸಮಜೋಡಿಯೇ?

ಬಳ್ಳಾರಿಯ ಕೌಲ್‌ಬಜಾರಿನ ಗರಡಿಯೊಂದರಲ್ಲಿ ಬಹಳ ವರ್ಷ ಸಾಮು ಮಾಡಿದ ನನ್ನ ಸೋದರಮಾವ, ಜಾತ್ರೆಯ ಕುಸ್ತಿಗಳಲ್ಲಿ ಜೋಡಿ ಕೂಡಿಸುವ ಹಿರಿಯರಲ್ಲಿ ಒಬ್ಬರಾಗಿದ್ದರು. ತೆಂಗಿನಕಾಯಿ ಕುಸ್ತಿಗೆ ಬಂದ ಹುಡುಗರು ಸಾಲಾಗಿ ನಿಂತರೆ ಅವರು ತಕ್ಕಡಿ ಕೇಳುತ್ತಿರಲಿಲ್ಲ. ಒಬ್ಬೊಬ್ಬನ ಮಣಿಕಟ್ಟನ್ನು ಹೆಬ್ಬೆರಳು ಮತ್ತು ನಡುಬೆರಳಿನಿಂದ ಸುತ್ತಿ ಹಿಡಿದು, ಕತ್ತಿನ ಹಿಂಭಾಗವನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ, ಇಬ್ಬರನ್ನು ಆರಿಸಿ ಮುಂದಕ್ಕೆ ತಳ್ಳುತ್ತಿದ್ದರು. ಅವರು ಕೂಡಿಸಿದ ಜೋಡಿಯ ಬಗ್ಗೆ ಜನ ತಕರಾರು ಎತ್ತಿದ್ದನ್ನು ನಾನು ಕಂಡದ್ದು ಕಡಿಮೆ.

ನಾನು ಕುಸ್ತಿ ಕಲಿಯಲಿಲ್ಲ, ಆದರೆ ಬಾಕ್ಸಿಂಗ್ ನೋಡುವುದನ್ನು ಕಲಿತೆ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ತೋರಣಗಲ್ಲಿನ ಬಳಿ ಇರುವ ಕ್ರೀಡಾಸಂಸ್ಥೆಯಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಪಂದ್ಯಾವಳಿ ನಡೆದ ಮೇಲೆ ಈ ಹಂಬಲ ಇನ್ನೂ ಬಲಿಯಿತು. 57 ಕೆ.ಜಿ. ವಿಭಾಗದವರ ಆಟ ನನಗೆ ಎಲ್ಲಕ್ಕಿಂತ ಮೆಚ್ಚು, ಏಕೆಂದರೆ ಆ ತೂಕದಲ್ಲಿ ಗುದ್ದಿಗೆ ಬೇಕಾದ ಭಾರವೂ ಇರುತ್ತದೆ, ಕಾಲಿಗೆ ಬೇಕಾದ ಹಗುರವೂ ಉಳಿದಿರುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇದೇ 126 ಪೌಂಡಿನ ಫೆದರ್‌ವೇಟ್. ಬಿಸಿಲು ಇಳಿದು ಮಾಳಿಗೆಯ ಮೇಲೆ ಹಾಸಿಗೆ ಹಾಕಿದ ರಾತ್ರಿಗಳಲ್ಲಿ ಹಳೆಯ ಚಾಂಪಿಯನ್ನರ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತಾ, ಯಾವ ಕಾಲದವನನ್ನು ಯಾವ ಕಾಲದವನ ಎದುರು ನಿಲ್ಲಿಸಬೇಕೆಂದು ನಾನು ಮತ್ತು ಮಾವ ಮಾತಿಗೆ ಕೂಡುತ್ತೇವೆ. ಅಮೆರಿಕದ ವಿಲ್ಲಿ ಪೆಪ್ ಎದುರು ಮೆಕ್ಸಿಕೊದ ಸಾಲ್ವಡಾರ್ ಸ್ಯಾಂಚೆಸ್ ಎಂಬ ಜೋಡಿಗೆ ನಾವು ಬಂದದ್ದು ಹಾಗೆಯೇ.

ಮೊದಲ ಸಲ ನಾನು ಹೇಳಿದ ಜೋಡಿ ಉಕ್ರೇನಿನ ವಾಸಿಲ್ ಲೊಮಚೆಂಕೊ ಮತ್ತು ಅಮೆರಿಕದ ಸ್ಯಾಂಡಿ ಸ್ಯಾಡ್ಲರ್. ಮಾವ ಕೇಳಿದ ಮೊದಲ ಪ್ರಶ್ನೆ ಇಬ್ಬರ ಗುದ್ದಿನ ಬಗ್ಗೆ ಆಗಿರಲಿಲ್ಲ. "ತೂಕ ಯಾವಾಗ ಹಾಕ್ತಾರಪ್ಪಾ?" ಎಂದರು. ಈ ಪ್ರಶ್ನೆಯ ತೂಕ ನನಗೆ ಆಮೇಲೆ ತಿಳಿಯಿತು. ಸ್ಯಾಡ್ಲರ್ ಆಡಿದ 1940 ಮತ್ತು 50ರ ದಶಕಗಳಲ್ಲಿ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನ ನೋಡುತ್ತಾರೆ. ನಡುವಿನ ಒಂದು ದಿನದಲ್ಲಿ ನೀರು ಕುಡಿದು, ಊಟ ಮಾಡಿ, ಎರಡು ವಿಭಾಗ ಮೇಲಿನ ದೇಹವನ್ನು ಹೊತ್ತು ಬರಲು ಸಾಧ್ಯವಿದೆ. 2014ರ ಮಾರ್ಚ್ 1ರಂದು ಸ್ಯಾನ್ ಆಂಟೋನಿಯೊದಲ್ಲಿ ಲೊಮಚೆಂಕೊ ಎದುರಿಸಿದ ಮೆಕ್ಸಿಕೊದ ಒರ್ಲಾಂಡೊ ಸಲಿಡೊ, ಹಿಂದಿನ ದಿನದ ತಕ್ಕಡಿಯಲ್ಲೇ ಮಿತಿ ಮೀರಿ ಪಟ್ಟ ಕಳೆದುಕೊಂಡಿದ್ದ. ರಿಂಗಿಗೆ ಇಳಿಯುವಾಗ ಅವನ ತೂಕ 147 ಪೌಂಡ್ ಇತ್ತು. ಲೊಮಚೆಂಕೊಗೆ ಅದು ವೃತ್ತಿಪರನಾಗಿ ಎರಡನೆಯ ಪಂದ್ಯ. ಸಲಿಡೊ ಮೈಮೇಲೆ ಬಿದ್ದು, ಪಕ್ಕೆಗೂ ಸೊಂಟದ ಕೆಳಗೂ ಗುದ್ದಿ, ತೋಳಿಗೆ ತೋಳು ಹೆಣೆದು ಅವನ ಕಾಲಾಟವನ್ನು ಕಟ್ಟಿಹಾಕಿದ, ಮತ್ತು ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನ ಪರ, ಒಬ್ಬರು ಎದುರಾಳಿಯ ಪರ ನಿಂತ ಒಡಕು ತೀರ್ಪಿನಲ್ಲಿ ಗೆದ್ದ. ಮೂರು ತಿಂಗಳ ನಂತರ ಗ್ಯಾರಿ ರಸೆಲ್‌ನನ್ನು ಸೋಲಿಸಿ ಲೊಮಚೆಂಕೊ ಪಟ್ಟ ಪಡೆದನೆಂಬುದು ನಿಜ, ಆದರೆ ಆ ಸೋಲು ಅವನ ಆಟದ ಒಂದು ಬಾಗಿಲನ್ನು ತೆರೆದು ತೋರಿಸಿತ್ತು.

ಸ್ಯಾಡ್ಲರ್ ಆ ಬಾಗಿಲನ್ನು ತಳ್ಳಲು ಹುಟ್ಟಿದವನಂತೆ ಇದ್ದ. ಐದು ಅಡಿ ಎಂಟೂವರೆ ಅಂಗುಲ ಎತ್ತರದ ಈ ಮನುಷ್ಯ ನೂರಕ್ಕೂ ಹೆಚ್ಚು ಪಂದ್ಯಗಳನ್ನು ನಾಕೌಟ್‌ನಿಂದ ಗೆದ್ದವನು. ಎದುರಾಳಿಯ ಕತ್ತನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗುದ್ದುವುದು ಅವನಿಗೆ ರೂಢಿಯಾಗಿತ್ತು. 1951ರಲ್ಲಿ ವಿಲ್ಲಿ ಪೆಪ್ ಜೊತೆ ಅವನು ಆಡಿದ ನಾಲ್ಕನೆಯ ಪಂದ್ಯ ಎಷ್ಟು ಹೊಲಸಾಗಿತ್ತೆಂದರೆ, ನ್ಯೂಯಾರ್ಕಿನ ಬಾಕ್ಸಿಂಗ್ ಆಯೋಗ ಇಬ್ಬರ ಮೇಲೂ ಕ್ರಮ ಕೈಗೊಂಡಿತು. ಹಾಗಾಗಿ 1951ರ ರೆಫರಿಯೂ ಆ ಕಾಲದ ಹದಿನೈದು ಸುತ್ತುಗಳೂ ಇದ್ದರೆ ಸ್ಯಾಡ್ಲರ್, ಇಂದಿನ ಕಟ್ಟುನಿಟ್ಟಿನ ರೆಫರಿಯೂ ಹನ್ನೆರಡು ಸುತ್ತುಗಳೂ ಇದ್ದರೆ ಲೊಮಚೆಂಕೊ. ಇದು ನುಣುಚಿಕೊಳ್ಳುವ ಉತ್ತರವೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಕಟ್ಟಳೆ ಬದಲಾದರೆ ಆಟವೇ ಬದಲಾಗುತ್ತದೆ.

ಆ ಕಾರಣಕ್ಕೇ ನನಗೆ ನಿಜವಾದ ಸಮಜೋಡಿ ಎನಿಸುವುದು ವಿಲ್ಲಿ ಪೆಪ್ ಮತ್ತು ಮೆಕ್ಸಿಕೊದ ಸಾಲ್ವಡಾರ್ ಸ್ಯಾಂಚೆಸ್. ಇಬ್ಬರ ನಡುವೆ ಸುಮಾರು ನಲವತ್ತು ವರ್ಷಗಳ ಅಂತರವಿದ್ದರೂ ಇಬ್ಬರೂ ಪಟ್ಟಕ್ಕಾಗಿ ಹದಿನೈದು ಸುತ್ತು ಆಡಿದವರು. ಹನ್ನೆರಡು ಸುತ್ತಿನ ಮಿತಿ ಬಂದದ್ದು 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ ರಿಂಗಿನಲ್ಲಿ ಪೆಟ್ಟು ತಿಂದು ತೀರಿಕೊಂಡ ಮೇಲೆ.

ಯಾವ ಪೆಪ್ ಎಂಬುದನ್ನು ಮೊದಲು ಹೇಳಬೇಕು. 1942ರ ನವೆಂಬರಿನಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಚಾಕಿ ರೈಟ್‌ನನ್ನು ಸೋಲಿಸಿ ಪಟ್ಟಕ್ಕೇರಿದ ಪೆಪ್, ವೃತ್ತಿಯ ಮೊದಲ 62 ಪಂದ್ಯಗಳನ್ನೂ ಗೆದ್ದಿದ್ದ. 1947ರ ಜನವರಿಯಲ್ಲಿ ಅವನಿದ್ದ ವಿಮಾನ ಬಿದ್ದು ಅವನ ಬೆನ್ನೆಲುಬಿಗೂ ಕಾಲಿಗೂ ಮುರಿತವಾಯಿತು. ಅದೇ ವರ್ಷದ ಜೂನ್‌ನಲ್ಲಿ ಅವನು ಮತ್ತೆ ರಿಂಗಿಗೆ ಇಳಿದನೆಂಬುದನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ಆದರೆ ಇಂದು ನಾವು ಹೆಚ್ಚಾಗಿ ನೋಡುವ ಸ್ಯಾಡ್ಲರ್ ಜೊತೆಗಿನ ಪಂದ್ಯಗಳೆಲ್ಲ ಆ ಅಪಘಾತದ ನಂತರದವು. ಒಬ್ಬನ ದೇಹ ಮುರಿದು ಜೋಡಿಸಿದ ಮೇಲಿನ ಆಟವನ್ನು ನೋಡಿ ಅವನ ಯೌವನವನ್ನು ಅಳೆಯುವುದು ಅನ್ಯಾಯವಾಗುತ್ತದೆ. ನನ್ನ ಜೋಡಿಯಲ್ಲಿ ಇರುವವನು 1946ರ ಪೆಪ್.

ಅವನಿಗೆ ಜನ ಇಟ್ಟ ಅಡ್ಡಹೆಸರು ನಮ್ಮ ಮಾತಿನಲ್ಲಿ ಕೊಳ್ಳಿದೆವ್ವ. ಕಂಡಿತು ಎನ್ನುವಷ್ಟರಲ್ಲಿ ಇನ್ನೊಂದು ಕಡೆ ಇರುವ ಬೆಂಕಿ ಅದು. 1949ರ ಫೆಬ್ರವರಿಯಲ್ಲಿ ಸ್ಯಾಡ್ಲರ್‌ನಿಂದ ಪಟ್ಟ ಮರಳಿ ಪಡೆದ ಪಂದ್ಯವನ್ನು, ಅಂದರೆ ಅಪಘಾತದ ನಂತರದ ಪಂದ್ಯವನ್ನೇ, ನಿಧಾನವಾಗಿ ನೋಡಿದರೂ ಈ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಎಡಗೈಯ ಜ್ಯಾಬ್, ಅಂದರೆ ನೇರವಾದ ಚುಟುಕು ಗುದ್ದು, ಕೊಟ್ಟ ಕ್ಷಣವೇ ಎಡಗಾಲು ಹೊರಗೆ ಸರಿಯುತ್ತದೆ, ಭುಜ ಎದುರಾಳಿಯ ಭುಜವನ್ನು ಸವರಿ ದಾಟುತ್ತದೆ, ಸ್ಯಾಡ್ಲರ್ ತಿರುಗಿ ನೋಡುವಾಗ ಪೆಪ್ ಅವನ ಪಕ್ಕೆಯ ಬಳಿ ಇರುತ್ತಾನೆ. ಮುಖದ ತುಂಬ ಗಾಯಗಳಾಗಿದ್ದರೂ ಹದಿನೈದನೆಯ ಸುತ್ತಿನವರೆಗೂ ಅವನು ಆ ಹೆಜ್ಜೆಯನ್ನು ಬಿಡಲಿಲ್ಲ.

ಸ್ಯಾಂಚೆಸ್ ಬೇರೆ ಬಗೆಯವನು. ಅವನು ಕಾಯುತ್ತಾನೆ. 1981ರ ಆಗಸ್ಟ್ 21ರಂದು ಲಾಸ್ ವೇಗಸ್‌ನಲ್ಲಿ ಪೋರ್ಟೊರಿಕೊದ ವಿಲ್ಫ್ರೆಡೊ ಗೋಮೆಸ್ ಅವನೆದುರು ಬಂದಾಗ, ಗೋಮೆಸ್ ಅಲ್ಲಿಯವರೆಗೆ ಗೆದ್ದ 32 ಪಂದ್ಯಗಳನ್ನೂ ನಾಕೌಟ್‌ನಿಂದಲೇ ಗೆದ್ದಿದ್ದ. ಮೊದಲ ಸುತ್ತಿನಲ್ಲೇ ಸ್ಯಾಂಚೆಸ್ ಅವನನ್ನು ಕೆಳಗೆ ಬೀಳಿಸಿದ, ನಂತರ ಅವನು ನುಗ್ಗಿದ ಪ್ರತಿ ಸಲವೂ ಅವನ ಗುದ್ದು ಹೊರಟ ದಾರಿಯೊಳಗೇ ತನ್ನ ಬಲಗೈಯನ್ನು ಇಳಿಸಿದ, ಎಂಟನೆಯ ಸುತ್ತಿನ ಹೊತ್ತಿಗೆ ಗೋಮೆಸ್‌ನ ಕಣ್ಣುಗಳು ಊದಿ ಮುಚ್ಚುತ್ತಾ ಬಂದಿದ್ದವು, ಪಂದ್ಯ ಅಲ್ಲಿಗೇ ಮುಗಿಯಿತು. ಹಾಗೆ ನೋಡಿದರೆ ಸ್ಯಾಂಚೆಸ್‌ನ ಅತ್ಯಂತ ದೊಡ್ಡ ಗೆಲುವುಗಳೆಲ್ಲ, 1980ರಲ್ಲಿ ಪಟ್ಟ ತಂದುಕೊಟ್ಟ ಡ್ಯಾನಿ ಲೋಪೆಸ್ ವಿರುದ್ಧದ್ದೂ ಸೇರಿದಂತೆ, ಮುಂದೆ ನುಗ್ಗಿ ಬರುವವರ ಮೇಲಿನ ಗೆಲುವುಗಳು. ನುಗ್ಗದೆ ದೂರದಿಂದ ಆಡಿದವರ ಎದುರು ಅವನು ಬೆವರಿದ್ದಾನೆ: ಗಯಾನಾದ ಪ್ಯಾಟ್ರಿಕ್ ಫೋರ್ಡ್ ವಿರುದ್ಧ ಅವನಿಗೆ ಸಿಕ್ಕಿದ್ದು ಇಬ್ಬರು ಅವನ ಪರ, ಒಬ್ಬರು ಸಮ ಎಂದ ಬಹುಮತದ ತೀರ್ಪು, ಇಂಗ್ಲೆಂಡಿನ ಪ್ಯಾಟ್ ಕೌಡೆಲ್ ವಿರುದ್ಧ ಒಡಕು ತೀರ್ಪು, ಅದೂ ಕೊನೆಯ ಸುತ್ತಿನಲ್ಲಿ ಎದುರಾಳಿಯನ್ನು ಕೆಡವಿದ ಮೇಲೆ.

ಫೋರ್ಡ್ ಮತ್ತು ಕೌಡೆಲ್ ಅಷ್ಟು ಕಾಡಿದ್ದರೆ ಪೆಪ್ ಏನು ಮಾಡಿಯಾನು ಎಂಬುದೇ ನನ್ನ ವಾದದ ತಿರುಳು. ಪೆಪ್ ಗುದ್ದು ಕೊಟ್ಟ ಜಾಗದಲ್ಲೇ ನಿಲ್ಲುವವನಲ್ಲ, ಆದ್ದರಿಂದ ಸ್ಯಾಂಚೆಸ್‌ಗೆ ಉತ್ತರ ಕೊಡಲು ಗುರಿಯೇ ಸಿಗುವುದಿಲ್ಲ. ಮೊದಲ ಎಂಟು ಸುತ್ತುಗಳಲ್ಲಿ ಆರನ್ನು ಪೆಪ್ ಪಡೆಯುತ್ತಾನೆ. ಅಲ್ಲಿಂದ ಸ್ಯಾಂಚೆಸ್ ಕಾಯುವುದನ್ನು ಬಿಟ್ಟು ಪಕ್ಕೆಗೆ ಗುದ್ದಲು ಶುರು ಮಾಡುತ್ತಾನೆ, ಅವನ ಉಸಿರಿಗೆ ದಣಿವೆಂಬುದಿಲ್ಲ, ಹನ್ನೆರಡರ ನಂತರದ ಸುತ್ತುಗಳೆಲ್ಲ ಅವನವೇ. ಆದರೂ ಹದಿನೈದರ ಗಂಟೆ ಬಾರಿಸಿದಾಗ ಪೆಪ್ ಒಂದು ಸುತ್ತಿನಷ್ಟು ಮುಂದಿರುತ್ತಾನೆ ಎಂಬುದು ನನ್ನ ಎಣಿಕೆ.

ಮಾವ ಇದನ್ನು ಒಪ್ಪಲಿಲ್ಲ. "ಹಂಗಾದ್ರ ಪೆಪ್‌ನ್ನ ಮೂರು ಸಲ ಸೋಲಿಸಿದ ಸ್ಯಾಡ್ಲರ್ ಈ ಹುಡುಗನ್ನೂ ಸೋಲಿಸ್ತಾನೇನು?" ಎಂದು ಕೇಳಿದರು. ಇಲ್ಲ, ಸೋಲಿಸಲಾರ. ಸ್ಯಾಡ್ಲರ್ ಮುಂದೆ ನುಗ್ಗುವವನು, ಮತ್ತು ನುಗ್ಗುವವನು ಸ್ಯಾಂಚೆಸ್‌ಗೆ ಬೇಕಾದವನು. ಪೆಪ್ ಸ್ಯಾಂಚೆಸ್‌ನನ್ನು, ಸ್ಯಾಂಚೆಸ್ ಸ್ಯಾಡ್ಲರ್‌ನನ್ನು, ಸ್ಯಾಡ್ಲರ್ ಪೆಪ್‌ನನ್ನು ಗೆಲ್ಲುತ್ತಾರೆ. ಮೂವರಲ್ಲಿ ದೊಡ್ಡವನು ಯಾರೆಂದು ಸಾಲು ಹಚ್ಚಲು ಬರುವುದಿಲ್ಲ. ಗರಡಿಯಲ್ಲೂ ಇಂತಹ ಮೂವರನ್ನು ಕಂಡಿದ್ದೇನೆಂದು ಮಾವ ಒಪ್ಪಿಕೊಂಡರು.

ಇಂಗ್ಲೆಂಡಿನ ನಸೀಮ್ ಹಮೀದ್‌ನನ್ನು ಈ ಮೂವರ ಸಾಲಿಗೆ ತರಲು ನನಗೆ ಮನಸ್ಸಿಲ್ಲ. ಅವನ ಗುದ್ದಿನ ಬಲವನ್ನು ಅಲ್ಲಗಳೆಯುತ್ತಿಲ್ಲ, ಆದರೆ 2001ರಲ್ಲಿ ಮಾರ್ಕೊ ಆಂಟೋನಿಯೊ ಬರೇರಾ ತಾಳ್ಮೆಯಿಂದ ಜ್ಯಾಬ್ ಹಾಕುತ್ತಾ ಹನ್ನೆರಡು ಸುತ್ತು ಕಳೆದಾಗ ಹಮೀದ್‌ನ ಬಳಿ ಎರಡನೆಯ ಉಪಾಯ ಇರಲಿಲ್ಲ.

ಕಳೆದ ವಾರ ಮಾವನಿಗೆ ಸ್ಯಾಂಚೆಸ್‌ನ ಕೊನೆಯ ಪಂದ್ಯ ತೋರಿಸಿದೆ. 1982ರ ಜುಲೈ 21, ನ್ಯೂಯಾರ್ಕ್. ಎದುರಿಗೆ ಘಾನಾದ ಅಜುಮಾ ನೆಲ್ಸನ್, ಕೆಲವೇ ದಿನಗಳ ಮುನ್ಸೂಚನೆಯಲ್ಲಿ ಬದಲಿಯಾಗಿ ಬಂದವನು, ಆದರೂ ಮುಂದೆ ತಾನೇ ಚಾಂಪಿಯನ್ ಆಗಲಿರುವವನು. ಹದಿನೈದನೆಯ ಸುತ್ತಿನಲ್ಲಿ ಸ್ಯಾಂಚೆಸ್ ಅವನನ್ನು ಬೀಳಿಸಿ ಪಂದ್ಯ ಮುಗಿಸಿದಾಗ ಮಾವ ಮೊಬೈಲನ್ನು ಕಣ್ಣಿನ ಹತ್ತಿರ ತಂದು, ಸ್ಯಾಂಚೆಸ್‌ನ ಕತ್ತನ್ನೇ ನೋಡುತ್ತಾ, "ಎಷ್ಟು ವಯಸ್ಸಪ್ಪಾ ಇವಂದು?" ಎಂದರು. ಇಪ್ಪತ್ತಮೂರು ಎಂದೆ. ಮೂರು ವಾರಗಳ ನಂತರ, ಆಗಸ್ಟ್ 12ರಂದು, ಕಾರು ಅಪಘಾತದಲ್ಲಿ ತೀರಿಕೊಂಡನೆಂದೂ ಹೇಳಿದೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಕೊನೆಯ ಸುತ್ತನ್ನು ಇನ್ನೊಮ್ಮೆ ಹಾಕಲು ಹೇಳಿದರು.