ಕಪ್ಪುಕೊರಳ ಕ್ರೌಂಚದ ಗೂಡು: ಮೊಟ್ಟೆಗಿಂತ ಮೊದಲು ನೀರು ನೋಡಿ

ಲಡಾಖಿನ ಎತ್ತರದ ಪ್ರಸ್ಥಭೂಮಿ ಚಾಂಗ್‌ಥಾಂಗ್‌ನಲ್ಲಿ ಕಪ್ಪುಕೊರಳ ಕ್ರೌಂಚದ ಗೂಡು ಸಮೀಕ್ಷೆಗೆ ಹೊಸದಾಗಿ ಬಂದವರೆಲ್ಲ ಮೊಟ್ಟೆ ಎಣಿಸಲು ಹತ್ತಿರ ಹೋಗುತ್ತಾರೆ. ದಯವಿಟ್ಟು ಬೇಡ. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಹಕ್ಕಿ ಎದ್ದರೆ 4,000 ಮೀಟರಿಗೂ ಮೇಲಿನ ಕೊರೆಯುವ ಗಾಳಿಗೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಾಡುಕಾಗೆಯ ಪಾಲಾಗುತ್ತದೆ.

ಅರ್ಧ ಕಿಲೋಮೀಟರ್ ದೂರದ ದಿಬ್ಬದಲ್ಲಿ ಕುಳಿತು 20ರಿಂದ 60 ಪಟ್ಟು ಹಿಗ್ಗಿಸುವ ದುರ್ಬೀನು ಹೂಡಿ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಸರದಿ ಬದಲಾಗುವಾಗ ಹಕ್ಕಿ ಎದ್ದುನಿಂತು ಮೊಟ್ಟೆ ಹೊರಳಿಸುತ್ತದೆ. ನಿಮಗೆ ಬೇಕಾದದ್ದು ಆಗ ಕಾಣುತ್ತದೆ. ಕಾವು ಕೂತ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಮ್ಮತ್ತಲೇ ನೋಡುತ್ತಿದ್ದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಯಬೇಕು. ಆಮೇಲೆ ನೆಲ ಕಾದು ಗಾಳಿ ನಡುಗುತ್ತದೆ, ದುರ್ಬೀನಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಬ್ಯಾಟರಿಗಳನ್ನು ಚೀಲದಲ್ಲಿಡದೆ ಜಾಕೆಟ್ಟಿನ ಒಳಜೇಬಿನಲ್ಲಿಡಿ. ಚಳಿಗೆ ಬೇಗ ಸೋಲುತ್ತವೆ.

ಚಾಂಗ್‌ಥಾಂಗ್‌ನ ತ್ಸೋ ಕರ್ ಜೌಗುಪ್ರದೇಶದಲ್ಲಿ ದೊಡ್ಡ ಸರೋವರ ಉಪ್ಪುನೀರಿನದು. ಹುಡುಕಾಟವನ್ನು ಅದರ ದಕ್ಷಿಣಕ್ಕಿರುವ ಸಿಹಿನೀರಿನ ಸ್ಟಾರ್ಟ್‌ಸಪುಕ್ ತ್ಸೋ ಕಡೆಯ ಜೌಗಿನಿಂದ ಶುರುಮಾಡಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಜಾತಿಯವು ಲಡಾಖಿನ ಇಂಥ ಜೌಗುಗಳಲ್ಲೂ ಮರಿಮಾಡುತ್ತವೆ. ಅವುಗಳ ಗುಂಪಿನ ಅಂಚಿನಲ್ಲಿ ನಡೆಯಬೇಡಿ, ಅವು ಗದ್ದಲವೆಬ್ಬಿಸಿದರೆ ಕ್ರೌಂಚವೂ ಬೆದರುತ್ತದೆ.

ಸಮೀಕ್ಷೆಯ ನಮೂನೆಯಲ್ಲಿ ಬಹಳಷ್ಟು ಜನ ಖಾಲಿ ಬಿಡುವ ಅಂಕಣ ಗೂಡಿನ ಸುತ್ತಲ ನೀರಿನದು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಗೂಡು ಇರುವುದು ಜೌಗಿನ ನಡುವಿನ ಪುಟ್ಟ ನಡುಗಡ್ಡೆಯಲ್ಲಿ. ಸುತ್ತಲಿನ ನೀರೇ ಅದರ ಬೇಲಿ. ನೀರು ಇಳಿದರೆ ನಾಯಿ ನಡೆದೇ ಬರುತ್ತದೆ, ಹಿಮ ಕರಗಿ ಏರಿದರೆ ಗೂಡೇ ಮುಳುಗುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ಒಂದೇ ಜಾಗದಿಂದ ಒಂದೇ ಚೌಕಟ್ಟಿನ ಫೋಟೊ ತೆಗೆಯಿರಿ, ನಾಲ್ಕೂ ದಿಕ್ಕಿಗೆ ನೀರು ಎಷ್ಟು ಅಗಲವಿದೆ ಎಂದು ಅಂದಾಜು ಬರೆಯಿರಿ. ಬೀದಿನಾಯಿಗಳನ್ನೂ ಎಣಿಸಿ. ಶಿಬಿರಗಳ ಊಟದ ಕಸ ಎಲ್ಲಿ ಬೀಳುತ್ತದೋ ಅಲ್ಲಿ ಅವು ಬೆಳೆಯುತ್ತವೆ, ಆ ಜಾಗಗಳು ನಕ್ಷೆಯಲ್ಲಿ ಇರಲೇಬೇಕು.

ಮೊಟ್ಟೆ ಒಡೆದ ಮೇಲೆ ಗೂಡಿಗೆ ಕಣ್ಣು ನೆಟ್ಟು ಕೂರಬೇಡಿ, ಮರಿಗಳು ಬೇಗನೆ ಗೂಡು ಬಿಟ್ಟು ತಾಯ್ತಂದೆಯ ಹಿಂದೆ ನಡೆಯುತ್ತವೆ. ಮುಂದಿನ ಎಣಿಕೆ ವಲಸೆಗೆ ಮುಂಚೆ, ಅಕ್ಟೋಬರಿನಲ್ಲಿ. ಕಪ್ಪು ಕತ್ತಿನ ಜೋಡಿಯ ಜೊತೆ ಕಂದು ತಲೆಯ ಹಕ್ಕಿ ಕಂಡರೆ ಅದು ಆ ವರ್ಷದ ಮರಿ. ಹಲವು ಜೋಡಿಗಳ ಬಳಿ ಒಂದೇ ಉಳಿದಿರುತ್ತದೆ.