ವಾಲ್ಪರೈಸೊದ ಮರದ ಡಬ್ಬಿ
ಇವತ್ತು ನಮ್ಮ ಕ್ರೂಸ್ ಹಡಗು ಚಿಲಿಯ ವಾಲ್ಪರೈಸೊದಲ್ಲಿ ನಿಂತಿದೆ. ಕೆಳಗೆ ಬಂದರು, ಮನೆಗಳೆಲ್ಲ ಗುಡ್ಡದ ಮೇಲೆ. ಹತ್ತಲು ಅಸೆನ್ಸೋರ್ ಇದೆ, ಅಂದ್ರೆ ಕಡಿದಾದ ಹಳಿಯ ಮೇಲೆ ಏರಿಳಿಯುವ ಪುಟ್ಟ ಡಬ್ಬಿ. ನಾವು ಹತ್ತಿದ್ದು ಕಾನ್ಸೆಪ್ಸಿಯೋನ್, 1883ರದ್ದು, ಊರಿಗೇ ಮೊದಲನೆಯದು.

ಒಂದು ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುತ್ತದೆ, ಬಾವಿ ರಾಟೆಯ ಎರಡು ಕೊಡಗಳ ಹಾಗೆ. ಕಿರ್ರೋ ಅನ್ನುತ್ತದೆ. ಸ್ವಲ್ಪ ಭಯಾನೂ ಆಯಿತು ಬಿಡಿ.

ಆಗ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬರುವ ಹಡಗುಗಳೆಲ್ಲ ಇಲ್ಲಿ ತಂಗುತ್ತಿದ್ದವಂತೆ. 1914ರಲ್ಲಿ ಪನಾಮಾ ಕಾಲುವೆ ತೆರೆಯಿತು, ಹಡಗುಗಳು ಆ ಹತ್ತಿರದ ದಾರಿ ಹಿಡಿದವು, ಊರಿನ ವ್ಯಾಪಾರ ಬಿದ್ದುಹೋಯಿತು. ದುಡ್ಡು ಜಾಸ್ತಿ ಹರಿದು ಬಂದಿದ್ದರೆ ಈ ಡಬ್ಬಿ, ಬಣ್ಣ ಬಳಿದ ತಗಡಿನ ಮನೆ ಎಲ್ಲ ಕೆಡವಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರೇನೋ, ಅಲ್ವಾ? ಈಗ ನೋಡಿ, ಊರಿನ ಹಳೇ ಭಾಗ 2003ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ, ನಾವೆಲ್ಲ ಫೋಟೋ ಹೊಡೆಯಲು ಸಾಲು ನಿಂತಿದ್ದೇವೆ.